ಗಾದೆಗೊಂದು ಪಾಟೀ ಸವಾಲು

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಿಸುವ ಪ್ರಶ್ನೆಗೆ ಬರುವ ಉತ್ತರಗಳ ಮೊದಲ ಮೂರು ಸಾಲನ್ನು ಓದದೆಯೇ ಅಂಕ ಹಾಕಬಹುದು. ‘ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆಗಳು ನಮ್ಮ ಹಿರಿಯರ ಅನುಭವದ ನುಡಿಮುತ್ತುಗಳು.’ ಬೀದರಿನ ಹುಡುಗನೂ ಇದನ್ನೇ ಬರೆಯುತ್ತಾನೆ, ದೇವರಾಯನದುರ್ಗದ ಬೆಟ್ಟಸಾಲಿನ ಪಕ್ಕದ ಊರ್ಡಿಗೆರೆಯ ಹುಡುಗಿಯೂ ಇದನ್ನೇ ಬರೆಯುತ್ತಾಳೆ. ಗೈಡಿನಲ್ಲಿ ಹಾಗೇ ಅಚ್ಚಾಗಿದೆ, ಟ್ಯೂಷನ್ನಿನಲ್ಲಿ ಹಾಗೇ ಉರು ಹೊಡೆಸಿದ್ದಾರೆ. ಆಮೇಲೆ ಗಾದೆ ಯಾವುದೇ ಇರಲಿ, ಮಕ್ಕಳಿಗಿರುವ ಕೆಲಸ ಒಂದೇ, ಅದು ಎಷ್ಟು ಸರಿ ಎಂದು ಇನ್ನೊಂದು ಹತ್ತು ಸಾಲು ತಲೆಯಾಡಿಸುವುದು. ‘ಈ ಗಾದೆ ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ’ ಎಂದು ಶುರು ಮಾಡುವ ಮಗುವಿಗೆ ಎಷ್ಟು ಅಂಕ ಬಂದೀತು ಎಂಬುದನ್ನು ಯಾವ ಮಗುವೂ ಪರೀಕ್ಷಿಸಲು ಹೋಗುವುದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಕಲಿತದ್ದು ಅಲ್ಲಿಗೇ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ. ಅದೇ ಮೂರು ಸಾಲು ಮುಂದೆ ಅರಳಿಕಟ್ಟೆಯ ಪಂಚಾಯ್ತಿಗೆ, ಮದುವೆ ಮಾತುಕತೆಗೆ, ರಾಜಕಾರಣಿಯ ಭಾಷಣಕ್ಕೆ, ಬೆಳಿಗ್ಗೆ ಫೋನಿಗೆ ಬರುವ ಸೂರ್ಯೋದಯದ ಚಿತ್ರದ ಅಡಿಬರಹಕ್ಕೆ ಬರುತ್ತದೆ. ಮಾತು ಬಿಗಿಯಾದ ಕಡೆ ಯಾರಾದರೊಬ್ಬರು ಗಾದೆ ಎಸೆದರೆ ಅಲ್ಲಿಗೆ ಮಾತು ಮುಗಿಯಿತು. ಎದುರಿನವರು ಉತ್ತರ ಕೊಟ್ಟರೆ ಅವರು ಆ ಒಬ್ಬರಿಗೆ ಮಾತ್ರ ಎದುರಾಡಿದಂತಲ್ಲ, ಹಿರೀಕರಿಗೆಲ್ಲ ಎದುರಾಡಿದಂತೆ.

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದೂ ಒಂದು ಗಾದೆಯೇ. ಕಟಕಟೆ ಹತ್ತಿದ ಸಾಕ್ಷಿ ‘ನಾನು ಸುಳ್ಳು ಹೇಳುವವನಲ್ಲ ಸ್ವಾಮಿ’ ಎಂದು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡರೆ ಯಾವ ನ್ಯಾಯಾಧೀಶರೂ ಅದನ್ನು ಸಾಕ್ಷ್ಯವೆಂದು ಬರೆದುಕೊಳ್ಳುವುದಿಲ್ಲ. ನಾವು ಬರೆದುಕೊಂಡಿದ್ದೇವೆ. ವೇದ ಕೇಳುವ ಹಕ್ಕೇ ಇಲ್ಲದಿದ್ದವರ ನಾಲಿಗೆಯಲ್ಲಿ ಈ ಮಾತಿಗೆ ಒಂದು ಚುರುಕು ಇದ್ದಿರಬೇಕು: ನಿಮ್ಮ ಪುಸ್ತಕ ನಿಮಗಿರಲಿ, ನಮ್ಮ ಬಾಯಿಮಾತು ನಮಗೆ ದೊಡ್ಡದು ಎಂಬ ಠೇಂಕಾರ. ಅಧಿಕಾರವನ್ನು ಚುಚ್ಚಲು ಹುಟ್ಟಿರಬಹುದಾದ ಆ ಮಾತನ್ನು ನಾವು ಇನ್ನೊಂದು ಅಧಿಕಾರ ಮಾಡಿ ಕೂರಿಸಿದೆವು.

ನನ್ನ ತಕರಾರು ಇಷ್ಟು. ಗಾದೆಗಳಲ್ಲಿ ಬಹುಪಾಲು ತೀರ್ಪುಗಳಲ್ಲ, ವಕೀಲಿಕೆ. ಯಾರು ಯಾರಿಗೆ, ಯಾವ ಜಗಳದಲ್ಲಿ, ಏನನ್ನು ಮುಚ್ಚಿಡಲು ಹೇಳುತ್ತಿದ್ದಾರೆ ಎಂದು ನೋಡದೆ ಅದನ್ನು ಸತ್ಯವೆಂದು ಒಪ್ಪುವುದು ಹಿರಿಯರಿಗೆ ತೋರುವ ಗೌರವವೇನಲ್ಲ. ಅದು ಬರೀ ಸೋಮಾರಿತನ.

ಮೊದಲು, ಎಲ್ಲರಿಗೂ ಗೊತ್ತಿದ್ದೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ. ಬರುವ ವರ್ಷದ ಮಗಳ ಕಾಲೇಜು ಫೀಸಿಗೆಂದು ಈಗಲೇ ಹಣ ಕೂಡಿಡುವವನಿಗೆ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ನಗುತ್ತೇವೆ. ಕೂಡಿಡದೆ ಕೊನೇ ಗಳಿಗೆಯಲ್ಲಿ ಸಾಲಕ್ಕೆ ಅಲೆದವನಿಗೆ ‘ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎನ್ನುತ್ತೇವೆ. ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಸಂಘ ಕಟ್ಟಿಸಿ, ಸಂಘ ಮುರಿದ ದಿನ ‘ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತ ಆಗಲೇ ಹೇಳಿರಲಿಲ್ವಾ’ ಎನ್ನುತ್ತೇವೆ. ಹೇಳಿರಲಿಲ್ಲ. ಆಗ ಹೇಳಿದ್ದು ಇನ್ನೊಂದು. ಎರಡೂ ಬದಿಗೆ ಒಂದೊಂದು ಗಾದೆ ತಯಾರಿರುವಾಗ ಗಾದೆ ಸುಳ್ಳಾಗುವುದಾದರೂ ಹೇಗೆ? ಏನೇ ಆದರೂ ಸರಿಯಾಗುವ ಮಾತಿಗೆ ಬೆಲೆ ಕಟ್ಟುವುದು ಹೇಗೆ?

ಇದನ್ನು ಜನಪದದ ಆಚೆಗೂ ಕಂಡವರಿದ್ದಾರೆ. ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1946ರಲ್ಲಿ ಆಡಳಿತಶಾಸ್ತ್ರದ ಮೇಲೊಂದು ಪ್ರಬಂಧ ಬರೆದ. ಆಡಳಿತದ ‘ಸೂತ್ರ’ಗಳೆಂದು ದೊಡ್ಡವರು ಹೇಳುತ್ತಿದ್ದವೆಲ್ಲ ಬರೀ ಗಾದೆಗಳು, ಒಂದಕ್ಕೊಂದು ಎದುರಾದ ಜೋಡಿಗಳು, ಯಾವುದನ್ನು ಯಾವಾಗ ಪಾಲಿಸಬೇಕೆಂದು ಅವು ಹೇಳುವುದೇ ಇಲ್ಲ ಎಂದು ಆತ ಅವುಗಳ ಬುಡ ಅಲ್ಲಾಡಿಸಿದ. ಅಲ್ಲಿ ‘ಗಾದೆ’ ಎಂದದ್ದು ಬೈಗುಳವಾಗಿ. ನಮ್ಮಲ್ಲಿ ಅದೇ ಸಂಗತಿ ಹೊಗಳಿಕೆ.

ಇದಕ್ಕೆ ಗಾದೆಭಕ್ತರ ಉತ್ತರ ಸಿದ್ಧವಿದೆ: ‘ಒಂದೊಂದು ಗಾದೆಗೂ ಒಂದೊಂದು ಸಂದರ್ಭ ಕಣಪ್ಪಾ, ಅರಿತು ಬಳಸಬೇಕು.’ ಸರಿಯೇ. ಆದರೆ ಅರಿತು ಬಳಸುವವನಿಗೆ ಮೊದಲೇ ವಿವೇಕ ಇರಬೇಕಲ್ಲ? ಈಗ ಕಾಯಬೇಕೋ ನುಗ್ಗಬೇಕೋ ಎಂದು ತಾನೇ ತೀರ್ಮಾನಿಸಿ, ಆಮೇಲೆ ಅದಕ್ಕೊಪ್ಪುವ ಗಾದೆ ಆರಿಸಿದವನಿಗೆ ಆ ಗಾದೆ ಕಲಿಸಿದ್ದೇನು? ಬುದ್ಧಿ ಅವನದು, ಹೆಸರು ಗಾದೆಗೆ.

ಹತ್ತಿರದ ಉದಾಹರಣೆ ಬೇಕೆಂದರೆ ಹೇಮಾವತಿ ನೀರನ್ನು ನೋಡಿ. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬೇಡವೆಂದು 2025ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ನಾಲೆಯ ಕೊನೆಯಲ್ಲಿರುವ ಕುಣಿಗಲ್ ಕಡೆಯವರಿಗೆ ಅದೇ ಕೆನಾಲ್ ಬೇಕು, ತಮ್ಮ ಪಾಲಿನ ನೀರು ತಮ್ಮವರೆಗೆ ಬರುವುದೇ ಇಲ್ಲ ಎಂಬ ಸಂಕಟ ಅವರದು. ‘ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು’ ಎಂದು ಗುಬ್ಬಿಯವರು ಹೇಳಿದರೂ ಸರಿ, ಕುಣಿಗಲ್ಲಿನವರು ಹೇಳಿದರೂ ಸರಿ. ‘ತಾಳಿದವನು ಬಾಳಿಯಾನು’ ಎಂದು ಮಂತ್ರಿಗಳು ಇಬ್ಬರಿಗೂ ಹೇಳಬಹುದು. ಗೇಟಿನಲ್ಲಿ ಎಷ್ಟು ಕ್ಯೂಸೆಕ್ ಹರಿಯಿತು, ದಾರಿಯಲ್ಲಿ ಎಷ್ಟು ಪೋಲಾಯಿತು ಎಂದು ಅಳೆಯುವವರೆಗೆ ಈ ಜಗಳಕ್ಕೆ ಬುಡವೂ ಇಲ್ಲ ತುದಿಯೂ ಇಲ್ಲ, ಗಾದೆ ಎಷ್ಟು ಬೇಕಾದರೂ ಸಿಗುತ್ತದೆ.

ಇನ್ನು ಪ್ರಾಸದ ವಿಷಯ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಗಾದೆಗಳ ಪೈಕಿ ಪರೀಕ್ಷೆಗೆ ಅಚ್ಚುಮೆಚ್ಚು. ಕೆಸರು–ಮೊಸರು ಎಂಬ ಜೋಡಿಯನ್ನು ತೆಗೆದು ‘ಕಷ್ಟಪಟ್ಟು ದುಡಿದವನಿಗೆ ಒಳ್ಳೆಯ ಊಟ ಸಿಗುತ್ತದೆ’ ಎಂದು ಹೇಳಿ ನೋಡಿ. ತಕ್ಷಣ ಯಾರಾದರೂ ‘ಎಲ್ಲಿ ಸಿಗುತ್ತೆ?’ ಎಂದು ಕೇಳುತ್ತಾರೆ. ಪ್ರಾಸ ಇದ್ದಾಗ ಕೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸ್ಸಿಕಾ ತೋಫಿಘ್‌ಬಖ್ಶ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ತೋರಿಸಿದರು. ಜನ ಕೇಳಿರದ ಸೂಕ್ತಿಗಳನ್ನು ಪ್ರಾಸವಿಟ್ಟೂ, ಅರ್ಥ ಅದೇ ಇದ್ದು ಪ್ರಾಸ ಕಳೆದೂ ಜನರ ಮುಂದಿಟ್ಟರು. ಪ್ರಾಸವಿದ್ದವೇ ಹೆಚ್ಚು ನಿಜವೆಂದು ಜನರಿಗೆ ಕಂಡವು. ಹೇಳಿದ ರೀತಿ ಬೇರೆ, ಹೇಳಿದ ಸಂಗತಿ ಬೇರೆ, ಸಂಗತಿಯನ್ನಷ್ಟೇ ನೋಡಿ ಎಂದು ಮುಂಚೆಯೇ ಎಚ್ಚರಿಸಿದಾಗ ಆ ಮೋಡಿ ಇಳಿಯಿತು. ನಮ್ಮ ಶಾಲೆಗಳು ಮಕ್ಕಳಿಗೆ ಕೊಡಬೇಕಾಗಿದ್ದದ್ದು ಆ ಎಚ್ಚರಿಕೆ.

ಕೈ ಕೆಸರು ಮಾಡಿಕೊಂಡವರ ಬಾಯಿಗೆ ಈ ಸೀಮೆಯಲ್ಲಿ ಏನು ಬಂತು? ವಾರಕ್ಕೆ ಮಾಡಿದವನು ಕಣದಲ್ಲಿ ರಾಶಿ ಅಳೆದ ಮೇಲೆ ಅರ್ಧ ಒಡೆಯನ ಮನೆಗೆ ಹೊತ್ತು ಹಾಕಿ ಬರುತ್ತಿದ್ದ. ಜೀತಕ್ಕಿದ್ದವನಿಗೆ ಸಿಗುತ್ತಿದ್ದದ್ದು ಮುದ್ದೆ, ಹಳಸಲು ಸಾರು, ವರ್ಷಕ್ಕೊಂದು ಕಂಬಳಿ. ಮೊಸರು ಯಾರ ಮನೆಯಲ್ಲಿತ್ತೆಂದರೆ ಕೈಗೆ ಕೆಸರು ಅಂಟಿಸಿಕೊಳ್ಳದವರ ಮನೆಯಲ್ಲಿ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಿದ್ದುಪಡಿ ತಂದ ಮೇಲೆ ಗೇಣಿದಾರರು ಉಳುವ ಭೂಮಿಯ ಒಡೆತನ ಕೇಳುವ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ಸಾಲುಗಟ್ಟಿದರು. ಜೀತಪದ್ಧತಿ ರದ್ದಿನ ಕಾನೂನು 1976ರದ್ದು. ಒಂದಿಷ್ಟು ಮನೆಗಳಿಗೆ ಮೊಸರು ಬಂದದ್ದು ಫಾರಂ ನಂಬರ್ 7ರಿಂದ. ಕೆಸರು ಅದಕ್ಕೂ ಮುಂಚೆ ತಲೆತಲಾಂತರದಿಂದ ಇತ್ತು. ಈ ಗಾದೆಯನ್ನು ಒಡೆಯ ಆಳಿಗೆ ಹೇಳಿದರೆ ಆಮಿಷ, ಆಳು ತನ್ನ ಮಗನಿಗೆ ಹೇಳಿದರೆ ಆಸೆ. ಹತ್ತನೇ ತರಗತಿಯ ಮಗು ‘ಕೆಸರು ಯಾರದು, ಮೊಸರು ಯಾರದು’ ಎಂದು ಒಂದು ಪುಟ ಬರೆದರೆ ಅದಕ್ಕೆ ಪೂರ್ತಿ ಅಂಕ ಕೊಡುವ ಪ್ರಶ್ನೆಪತ್ರಿಕೆ ನನಗೆ ಬೇಕು.

ಆಹಾರ ಆರೋಗ್ಯದ ಗಾದೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದನ್ನು ನಮ್ಮದೇ ಜಿಲ್ಲೆಯ ಪಾವಗಡದ ಕಡೆ ಹೋಗಿ ಹೇಳಿ. ಅಲ್ಲಿ ಊಟ ಬಲ್ಲವರ ಹಲ್ಲೂ ಕಂದಿದೆ, ಮೂಳೆಯೂ ಬಾಗಿದೆ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದ್ದದ್ದರಿಂದ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂಬ ಮಿತಿ ನಾಲಿಗೆಗೆ ತಿಳಿಯುವಂಥದ್ದಲ್ಲ, ಅಜ್ಜಿಗೂ ತಿಳಿಯುವಂಥದ್ದಲ್ಲ.

ಮಳೆ ನಕ್ಷತ್ರದ ಗಾದೆಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಗಾದೆ ವಿಜ್ಞಾನವೆಂದು ಸಾಧಿಸುವವರು ಕೊನೆಗೆ ಬಂದು ಅಡಗುವ ಕೋಟೆ ಇದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’. ಕೇಳಲು ಸೊಗಸು, ಅನುಮಾನವಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ಲೆಕ್ಕಕ್ಕೆ ಮಳೆಗೆ ಹೆಸರು. ಆದರೆ ನಮ್ಮ ಪಂಚಾಂಗ ಲೆಕ್ಕ ಹಾಕುವುದು ನಕ್ಷತ್ರಗಳನ್ನು ಹಿಡಿದು, ಋತು ನಡೆಯುವುದು ಭೂಮಿಯ ಅಕ್ಷದ ವಾಲಿಕೆಯನ್ನು ಹಿಡಿದು. ಎರಡೂ ಜೊತೆಯಾಗಿ ನಡೆಯುವುದಿಲ್ಲ. ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ ಪಂಚಾಂಗ ಹಿಂದೆ ಬೀಳುತ್ತದೆ. ನಂಬಿಕೆ ಬಾರದಿದ್ದರೆ ಸ್ವಾಮಿ ವಿವೇಕಾನಂದರ ಜನ್ಮದಿನ ನೋಡಿ. ಅವರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಸಂಕ್ರಾಂತಿ ಜನವರಿ 14ಕ್ಕೋ 15ಕ್ಕೋ ಬರುತ್ತದೆ.

ಆರಿದ್ರಾ ಈಗ ಹುಟ್ಟುವುದು ಜೂನ್ 21, 22ರ ಹೊತ್ತಿಗೆ. ಗಾದೆ ಐನೂರು ವರ್ಷ ಹಳೆಯದೆಂದು ಇಟ್ಟುಕೊಂಡರೂ ಅದು ಹುಟ್ಟಿದಾಗಿನ ಆರಿದ್ರಾ ಮಳೆಗೂ ಇವತ್ತಿನ ಆರಿದ್ರಾ ಮಳೆಗೂ ಋತುವಿನ ಲೆಕ್ಕದಲ್ಲಿ ಒಂದು ವಾರ ವ್ಯತ್ಯಾಸ. ಸಾವಿರ ವರ್ಷ ಹಳೆಯದೆಂದು ಹೆಮ್ಮೆಪಡುವುದಾದರೆ ಒಂದಿಡೀ ನಕ್ಷತ್ರವೇ ಜರುಗಿದೆ, ಅಂದಿನ ಆರಿದ್ರಾ ಬಿದ್ದ ಕಡೆ ಇಂದು ಮೃಗಶಿರ ಬೀಳುತ್ತಿದೆ. ಅಂದರೆ ಗಾದೆ ಹಳೆಯದಾದಷ್ಟೂ ಅದರ ಮಾತು ತಪ್ಪಿನ ಕಡೆಗೇ ಜರುಗುತ್ತದೆ. ‘ಎಷ್ಟು ಹಳೆಯದು ನೋಡಿ’ ಎಂದು ಬೀಗುವವರು ಇದಕ್ಕೇನು ಹೇಳುತ್ತಾರೋ.

ದೇವರಾಯನದುರ್ಗದ ಬೆಟ್ಟದ ಸೆರಗಿನ ಹೊಲಗಳಲ್ಲಿ ಬಿತ್ತಿದ ರೈತರು ಗಾದೆಯನ್ನು ವೇದವೆಂದು ನಂಬಿ ಕೈಕಟ್ಟಿ ಕೂತವರೂ ಅಲ್ಲ. ಕೂರಿಗೆ ಹೂಡುವ ಮುಂಚೆ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ಹದ ನೋಡುತ್ತಿದ್ದರು. ರಾಗಿಯ ನಡುವೆ ಸಡ್ಡೆಯಲ್ಲಿ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಬಿಡುತ್ತಿದ್ದರು. ಯಾಕೆ? ನಕ್ಷತ್ರ ಕೈಕೊಡುತ್ತದೆಂದು ಗೊತ್ತಿದ್ದುದರಿಂದ. ರಾಗಿ ಒಣಗಿದರೆ ಅವರೆಯಾದರೂ ಬರಲಿ ಎಂಬ ಲೆಕ್ಕ ಅದು. ಒಂದೇ ಮಳೆಯನ್ನು ನಂಬಬೇಡ ಎಂದು ಆ ಅಕ್ಕಡಿ ಸಾಲು ಹೇಳುತ್ತಿತ್ತು, ‘ಆದರೆ ಆರಿದ್ರಾ’ ಎಂಬ ಗಾದೆ ಹೇಳಿದ್ದಕ್ಕೆ ತೀರಾ ವಿರುದ್ಧವಾಗಿ. ಹಿರಿಯರ ಅನುಭವ ಬೇಕಾದವರು ಅವರ ಹೊಲ ನೋಡಬೇಕಿತ್ತು, ನಾವು ಬಾಯಿ ನೋಡಿದೆವು.

ಅದೇ ಹೊಲಕ್ಕೆ ಮುಂದೆ ಇಂಡಾಫ್ ರಾಗಿ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಎತ್ತಿದ ತಳಿ, ಹೆಸರಿನಲ್ಲೇ ಎರಡೂ ನಾಡಿವೆ. ಬೇಗ ಕೊಯ್ಲಿಗೆ ಬರುವ ತಳಿಗಳು ಬಂದಂತೆ ಬಿತ್ತನೆಯ ಕಾಲವೂ ಸಡಿಲವಾಯಿತು. ತಿಂಗಳು ತಡವಾದರೂ ತೆನೆ ಕಟ್ಟುವ ಬೀಜ ಕೈಯಲ್ಲಿದ್ದಾಗ ‘ಆರಿದ್ರಾ ಇಲ್ಲದಿದ್ದರೆ ದರಿದ್ರ’ ಎಂಬ ಮಾತು ಯಾರಿಗೆ ಅನ್ವಯ? ಅಷ್ಟಕ್ಕೂ ತುಮಕೂರು ಜಿಲ್ಲೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಗಾದೆಗಳು ಮಲೆನಾಡಿಗೂ ಬಯಲಿಗೂ ಒಂದೇ ಮಾತು ಹೇಳಿಕೊಂಡು ತಿರುಗುತ್ತವೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಒಂದು ಪಂಚಾಯ್ತಿಗೆ ಬಿದ್ದ ಮಳೆ ಪಕ್ಕದ ಪಂಚಾಯ್ತಿಗೆ ಬಿದ್ದಿರುವುದಿಲ್ಲ ಎಂಬ ಕಾರಣಕ್ಕೇ.

ಇಲ್ಲಿಯವರೆಗಿನದು ಬೇಸಾಯದ ಮಾತು, ತಪ್ಪಾದರೆ ಒಂದು ಬೆಳೆ ಹೋಗುತ್ತದೆ. ಮುಂದಿನದರಲ್ಲಿ ಹೋಗುವುದು ಜೀವ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ಇದನ್ನು ಎಲ್ಲಿ ಹೇಳುತ್ತಾರೆ ನೋಡಿ. ಸುಖವಾಗಿ ಮುನಿದು ಸುಖವಾಗಿ ಕೂಡಿದ ದಂಪತಿಗೆ ಯಾರೂ ಇದನ್ನು ಹೇಳಲು ಹೋಗುವುದಿಲ್ಲ, ಅಲ್ಲಿ ಅಗತ್ಯವೇ ಇಲ್ಲ. ಹೇಳುವುದು, ಮಗಳು ಮೂರನೇ ಸಲವೋ ನಾಲ್ಕನೇ ಸಲವೋ ಬಟ್ಟೆಗಂಟು ಹಿಡಿದು ತವರಿನ ಜಗಲಿಗೆ ಬಂದು ಕೂತಾಗ. ಸೆರಗು ಭುಜದ ಮೇಲೆ ಬಿಗಿಯಾಗಿರುತ್ತದೆ, ಬಾಸುಂಡೆ ಕಾಣದಿರಲೆಂದು. ಅಪ್ಪ ನೆಲ ನೋಡುತ್ತಾನೆ. ಊರ ನಾಲ್ಕು ಜನ ಕಾಫಿ ಕುಡಿದು ಲೋಟ ಕೆಳಗಿಟ್ಟು, ಹಿರಿಯರೊಬ್ಬರು ನಗುನಗುತ್ತಲೇ ಗಾದೆ ಹೇಳುತ್ತಾರೆ. ‘ನಡಿಯವ್ವ, ಸಂಜೆ ಬಸ್ಸಿಗೆ ಹೋಗಿಬಿಡು.’ ಯಾರೂ ಗದರಲಿಲ್ಲ, ಯಾರೂ ಕೆಟ್ಟವರಲ್ಲ. ಎಲ್ಲ ಹೊಣೆಯನ್ನೂ ಗಾದೆ ಹೊತ್ತುಕೊಂಡಿತು. ಆ ಜಗಲಿಯಲ್ಲಿ ಹೇಳಬೇಕಾದ ಮಾತು ಬೇರೆ ಇದೆ: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಅವರೇ ಸಂರಕ್ಷಣಾಧಿಕಾರಿ, ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ರಕ್ಷಣೆಯ ಆದೇಶವನ್ನೂ ಮ್ಯಾಜಿಸ್ಟ್ರೇಟರ ಬಳಿ ಕೇಳಬಹುದು. ಇದಕ್ಕೆ ಪ್ರಾಸವಿಲ್ಲ, ನೆನಪಿಡುವುದು ಕಷ್ಟ, ಒಪ್ಪುತ್ತೇನೆ.

‘ಹೆಂಗಸಿನ ಬುದ್ಧಿ ಮೊಣಕಾಲ ಕೆಳಗೆ’, ‘ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು’. ಇವೂ ಹಿರಿಯರ ಅನುಭವದ ನುಡಿಮುತ್ತುಗಳೇ ತಾನೇ? ಯಾಕೆ ಪರೀಕ್ಷೆಗೆ ಬರುವುದಿಲ್ಲ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಪದಗಳ ಬಳಕೆ ತೋರಿಸಲು ಗಾದೆಗಳನ್ನು ಧಾರಾಳವಾಗಿ ಕೊಡುತ್ತದೆ. ಹಳೆಯ ಗಾದೆಗಳ ಯಾವ ರಾಶಿಗೆ ಕೈಹಾಕಿದರೂ ಒಂದೊಂದು ಜಾತಿಯನ್ನೂ, ಒಂದೊಂದು ಕಸುಬನ್ನೂ ಹೀಗಳೆಯುವ ಮಾತುಗಳು ಹಿಡಿಹಿಡಿಯಾಗಿ ಸಿಗುತ್ತವೆ. ‘ಅಗಸನ ಬಡಿವಾರವೆಲ್ಲ ಹೆರವರ ಬಟ್ಟೆ ಮೇಲೆ’ ಎಂಬುದು ಆ ಪೈಕಿ ತೀರಾ ಸೌಮ್ಯವಾದದ್ದು. ಮಿಕ್ಕ ಕೆಲವನ್ನು ಇವತ್ತು ಬೀದಿಯಲ್ಲಿ ನಿಂತು ಒಬ್ಬರ ಮುಖಕ್ಕೆ ಹೇಳಿದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ಕೇಸಾಗುತ್ತದೆ. ಪಠ್ಯ ಮಾಡುವವರು ಅವನ್ನೆಲ್ಲ ಬಿಟ್ಟಿದ್ದಾರೆ, ಬಿಟ್ಟದ್ದು ಒಳ್ಳೆಯದೇ. ಆದರೆ ಗುಟ್ಟಾಗಿ ಬಿಟ್ಟು, ಉಳಿದದ್ದರ ಮೇಲೆ ‘ಗಾದೆ ಸುಳ್ಳಾಗದು’ ಎಂಬ ಹಣೆಪಟ್ಟಿ ಅಂಟಿಸುವುದು ಯಾವ ಪ್ರಾಮಾಣಿಕತೆ? ಜರಡಿ ಹಿಡಿದ ಮೇಲೆ ಜರಡಿ ಹಿಡಿದೆವೆಂದು ಮಕ್ಕಳಿಗೆ ಹೇಳಬೇಕು. ಯಾವ ಗಾದೆ ಕೈಬಿಟ್ಟೆವು, ಯಾಕೆ ಬಿಟ್ಟೆವು ಎಂಬ ಪಾಠ ಉಳಿದ ಗಾದೆಗಳ ಪಾಠಕ್ಕಿಂತ ಹೆಚ್ಚು ಬೆಲೆಯದು.

ಗಾದೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ, ಕೆಲವಿಲ್ಲದಿದ್ದರೆ ನನಗೆ ಮಾತೇ ಹೊರಡುವುದಿಲ್ಲ. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬುದನ್ನು ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದವರು ಯಾರೂ ಮರೆಯಲಾರರು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’, ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’. ಇವು ಏನನ್ನೂ ಮಾಡು ಎನ್ನುವುದಿಲ್ಲ, ಲೋಕ ಹೇಗಿದೆಯೆಂದು ಓರೆನೋಟದಲ್ಲಿ ನೋಡಿ ಸುಮ್ಮನಾಗುತ್ತವೆ. ಕೆಳಗಿದ್ದವರು ಮೇಲಿದ್ದವರನ್ನು ನೋಡಿದ ನೋಟ ಹಲವಕ್ಕಿದೆ. ಅದು ಸಾಹಿತ್ಯ. ಅದನ್ನು ವೇದಕ್ಕೆ ಸಮಾನ ಎಂದಾಗ ಅದರ ತುಂಟತನವೂ ಸತ್ತು, ನೀತಿಪಾಠದ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತದೆ. ನನ್ನ ಜಗಳ ನೋಡುವ ಗಾದೆಗಳ ಜೊತೆ ಅಲ್ಲ, ಆಳುವ ಗಾದೆಗಳ ಜೊತೆ.

ಆಳುವ ಗಾದೆಗಳಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ‘ಕುಣಿಯಲಾರದವಳು ನೆಲ ಡೊಂಕು ಎಂದಳು’. ದೂರು ಹೇಳಿದವರ ಬಾಯಿಗೆಲ್ಲ ಇದೇ ಬೀಗ. ಬೋರು ಬತ್ತಿ ತೋಟ ಒಣಗಿತು ಎಂದ ರೈತನಿಗೆ, ಮೇಷ್ಟ್ರೇ ಇಲ್ಲದ ವಿಷಯದಲ್ಲಿ ಫೇಲಾದೆ ಎಂದ ಹುಡುಗಿಗೆ, ಪುರುಸೊತ್ತು ಕೊಡದೆ ಪೀಸಿನ ಲೆಕ್ಕ ಏರಿಸಿದರು ಎಂದ ಗಾರ್ಮೆಂಟ್ಸ್ ಹೆಂಗಸಿಗೆ. ಇಲ್ಲೂ ಕುಣಿಯಲಾರದವಳು ‘ಅವಳೇ’ ಆಗಿರುವುದನ್ನು ಗಮನಿಸಿ. ನೆಲ ನಿಜವಾಗಿಯೂ ಡೊಂಕಿದ್ದರೆ? ಆ ಪ್ರಶ್ನೆಗೆ ಗಾದೆಯಲ್ಲಿ ಜಾಗವೇ ಇಲ್ಲ, ಕೇಳಿದವರು ಕುಣಿಯಲಾರದವರ ಪಟ್ಟಿಗೆ ಸೇರಿಬಿಡುತ್ತಾರೆ. ಊರಿನ ಗಾರೆ ಮೇಸ್ತ್ರಿಯ ಹತ್ತಿರ ರಸಮಟ್ಟ ಇರುತ್ತದೆ. ನೆಲದ ಮೇಲಿಟ್ಟು ಗುಳ್ಳೆ ಎತ್ತ ಓಡಿತೆಂದು ನೋಡಲು ಎರಡು ನಿಮಿಷ ಸಾಕು. ಕುಣಿತ ನೋಡಲು ಸೇರಿದ ಅಷ್ಟು ಜನರಲ್ಲಿ ಒಬ್ಬರೂ ಅದನ್ನು ತರಿಸುವುದಿಲ್ಲ.